ಹದಿನೇಳನೇ ಮೂಗು

ಮೊದಲು ಮೂಗುತಿ ಬಿಚ್ಚಬೇಕು. ಅದು ನಿಯಮ.
ಒಳಗಿರುವುದು ದೊಡ್ಡ ಅಯಸ್ಕಾಂತ,
ಪಿನ್ನು, ಸೂಜಿ, ಬೀಗದ ಕೈ ಯಾವುದನ್ನೂ ಬಿಡುವುದಿಲ್ಲ.
"ಬಂಗಾರ ಎಳಿಯಲ್ಲ ಅಂತಾರಲ್ಲವ್ವ?" ಅಂದಳು ಖೈರುನ್ಬಿ.
ಬಂಗಾರವೇ ಆದರೆ ಎಳೆಯದು, ಅಂದೆ.
ಆಮೇಲೆ ಅವಳು ಮಾತಾಡಲಿಲ್ಲ.
ಮೂವತ್ತು ವರ್ಷದ ತಿರುಪು. ಸೋಪಿನ ನೊರೆ ಹಚ್ಚಿ,
ದಾರ ಸುತ್ತಿ, ಇಬ್ಬರೂ ಸೇರಿ ತಿರುಗಿಸಿದೆವು.
ಕಳಚಿಕೊಂಡಾಗ ಸೀನು ಬಂತು ಅವಳಿಗೆ.
"ಇಷ್ಟು ಕೆಲಸ ಇನ್ನೂ ಮಾಡತೈತಿ ನೋಡು."

ಮಂಡಕ್ಕಿ ಭಟ್ಟಿಯವಳು.
ಮರಳು ಕಾದದ್ದನ್ನು ಕಣ್ಣು ಹೇಳುವುದಿಲ್ಲ,
ಕೈ ಹೇಳುವಷ್ಟರಲ್ಲಿ ಸುಟ್ಟಿರುತ್ತದೆ;
ಕಾಳಿನ ಬಣ್ಣ ತಿರುಗುವ ಮೊದಲೇ ವಾಸನೆ ತಿರುಗುತ್ತದೆಯಂತೆ,
ಮೂಗೊಂದೇ ಹೇಳುತ್ತಿತ್ತು: ಈಗ ಸುರಿ, ಈಗ ಬಾಚು.
ಎಂಟು ದಿನ ಜ್ವರ. ಒಂಬತ್ತನೇ ದಿನ
ಭಟ್ಟಿಗೆ ಹೋದವಳು ಮೂರು ಚೀಲ ಸೀಯಿಸಿದಳು.
ಪಕ್ಕದ ಭಟ್ಟಿಯವರು ಓಡಿ ಬಂದು ಕೂಗುವವರೆಗೆ
ಎಲ್ಲ ಸರಿಯಿದೆಯೆಂದೇ ಜರಡಿ ಹಿಡಿದು ನಿಂತಿದ್ದಳು.
ಈಗ ಚೀಲ ಹೊಲಿಯುತ್ತಾಳೆ. ದಿನಕ್ಕೆ ನೂರು ಕಡಿಮೆ.

ತಲೆಗೆ ಪಂಜರ, ಕಿವಿಗೆ ಹತ್ತಿ,
ಮೂಗಿನ ಹೊಳ್ಳೆಗಳಿಗೆ ಎರಡು ಸಣ್ಣ ನಳಿಗೆ.
ಕೈಗೊಂದು ರಬ್ಬರ್ ಬುಗ್ಗೆ: ಹೆದರಿಕೆಯಾದರೆ ಹಿಸುಕು.
ಯಂತ್ರ ಬಡಿಯತೊಡಗಿತು.
ಗಾಜಿನ ಈಚೆ ಕೂತ ನನಗೆ ಅದು ಬರೀ ಸದ್ದು.
ಅವಳಿಗೆ ಮಿಲ್ಲು. ಆಮೇಲೆ ಹೇಳಿದಳು:
"ಅಪ್ಪನ ಬುತ್ತಿ ಒಯ್ದಾಗ ಹಿಂಗೇ ಕುಟ್ಟತಿತ್ತು.
ಎಣ್ಣಿ, ಹತ್ತಿ ಧೂಳು, ಬೆವರು,
ಸದ್ದಿನ ಹಿಂದೇ ವಾಸನಿ ಬರಬೇಕಿತ್ತಲ್ಲ.
ಸದ್ದೊಂದೇ ಬಂತು."

ಪರದೆಯ ಮೇಲೆ ಬೂದು ಬಣ್ಣದಲ್ಲಿ ಅವಳ ಮುಖದ ಒಳಗು.
ಹುಬ್ಬುಗಳ ನಡುವೆ, ಆಳದಲ್ಲಿ,
ಜರಡಿಯಂತೆ ತೂತುಬಿದ್ದ ತೆಳು ಎಲುಬು.
ಅದರ ಮೇಲೆ ಜೋಡಿ ಗಡ್ಡೆ.
ಗಡ್ಡೆ ಅನ್ನುವುದು ಪುಸ್ತಕದ ಮಾತು; ಮಂಡಕ್ಕಿ ಕಾಳಿನಷ್ಟು.
ದಾವಣಗೆರೆಯ ವಾಸನೆಯೆಲ್ಲ ಈ ಜರಡಿ ದಾಟಿ
ಇಷ್ಟರಲ್ಲೇ ಹಿಡಿಸಬೇಕು:
ಕಾದ ಹಂಚಿನ ಮೇಲೆ ಜಾರುವ ಬೆಣ್ಣೆ,
ಮಿರ್ಚಿಯ ಘಾಟು, ಕೂಸಿನ ನೆತ್ತಿ,
ಗ್ಯಾಸು ಸೋರುವುದು,
ಸತ್ತ ಇಲಿ ಯಾವ ಮೂಲೆಯಲ್ಲಿದೆಯೆಂಬುದು.
ಪದರ ಪದರವಾಗಿ ಅಂಚು ಎಳೆದು ಅಳೆದೆ.
ಎಡಕ್ಕೆ ಮೂವತ್ತೆಂಟು ಘನ ಮಿಲಿಮೀಟರ್.
ಬಲಕ್ಕೆ ಮೂವತ್ತೊಂದು.
ಅರಳಿದ್ದ ಕಾಳು ಮತ್ತೆ ಅಕ್ಕಿಯಾದಂತೆ.

ನಳಿಗೆಯಲ್ಲಿ ಲವಂಗ ಊದಿದೆ.
ಗುಲಾಬಿ ಊದಿದೆ.
ಇಪ್ಪತ್ತು ಸೆಕೆಂಡು ಬರೀ ಗಾಳಿ ಊದಿದೆ.
ಮೂರಕ್ಕೂ ಅವಳದು ಒಂದೇ ಉತ್ತರ.
ಕೊನೆಯ ಸುತ್ತು ಮಾತಿನದು,
ಏನನ್ನೂ ಊದದೆ ಮೈಕಿನಲ್ಲಿ ಹೆಸರು ಹೇಳುವುದು.
ಪಟ್ಟಿಯಲ್ಲಿದ್ದದ್ದು ಕಾಫಿ, ಕರ್ಪೂರ, ಕಿತ್ತಳೆ.
ಇಲ್ಲದ್ದೊಂದನ್ನು ನಾನೇ ಸೇರಿಸಿದೆ, ತಪ್ಪು ನನ್ನದು:
"ಮಂಡಕ್ಕಿ. ಸೀಯೋ ಮೊದಲು."
ಬುಗ್ಗೆಯ ಬೆಲ್ಲು ಕೂಗಿತು.
"ಬಂತವ್ವ, ಬಂತು ಬಂತು...
ಇಲ್ಲ ಬಿಡು. ಹೋತು."

ಲೆಕ್ಕ ಮುಗಿದು ಚಿತ್ರ ಬಂದದ್ದು ಸಂಜೆಗೆ.
ಬೂದಿಯಲ್ಲಿ ಉಳಿದ ಕೆಂಡದ ಹಾಗೆ
ಒಂದು ಚುಕ್ಕೆ, ಅವಳು ಬೆಲ್ಲು ಹಿಸುಕಿದ ಗಳಿಗೆಗೆ ಸರಿಯಾಗಿ.
ಡಾಕ್ಟರ್ ಉಮಾಪತಿ ಕನ್ನಡಕ ಏರಿಸಿ ನೋಡಿದರು:
"ಇದು ನೆನಪಮ್ಮ, ವಾಸನೆಯಲ್ಲ.
ಪಟ್ಟಿಯಲ್ಲಿ ಇಲ್ಲದ್ದು, ಆ ಸಾಲು ತೆಗೆದುಬಿಡು."
ತೆಗೆದೆ.

ಅದು ಸಂಜೆಯ ಮಾತು. ಮಧ್ಯಾಹ್ನ
ಬಟ್ಟೆ ಬದಲಿಸಿ ಬಂದವಳು ಬಾಗಿಲು ಅರ್ಧ ಮುಚ್ಚಿ ಕೇಳಿದಳು:
"ಒಂದು ಹೇಳ್ತೀಯೇನು? ನನ್ನ ಮೈ ಏನು ನಾರತೈತಿ?
ಮನ್ಯಾಗ ಕೇಳಿದ್ರ ನಗತಾರ."
ಮುಂಗೈ ಮುಂದೆ ಚಾಚಿದಳು.
ಬಗ್ಗಿ ಮೂಸಿದೆ.
ಹೊಗೆ ಅಂದೆ. ಗೋಣಿದಾರ. ಈಗ ಹಚ್ಚಿದ ಸೋಪು.
ಅದರ ಕೆಳಗೆ, ಸ್ವಲ್ಪ, ಹುರಿದ ಅಕ್ಕಿ.
ಓದು ಬಾರದವರು ಊರಿನ ಕಾಗದ ಓದಿಸಿಕೊಳ್ಳುವ ಹಾಗೆ
ಕಣ್ಣು ಮುಚ್ಚಿ ಕೇಳಿದಳು.
ಮೂಗುತಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು;
ಆರು ತಿಂಗಳಿಗೆ ಮತ್ತೆ ಬಿಚ್ಚಬೇಕಲ್ಲ.

ಹೊರಗೆ ಬೆಂಚಿನ ಮೇಲೆ ಹದಿನೆಂಟನೆಯವನು ಕೆಮ್ಮಿದ.
"ಆ ಕಡೀದು," ಅಂದಳು, "ಇನ್ನೊಂದು ಸಲ ಹೇಳು."